ಸೋದರತ್ತೆಯ ಬೆನ್ನಿಗೆ ಪಿಟೀಲು

ಕಳೆದ ಭಾನುವಾರ ಗೋಕಾಕದ ಸಭಾಂಗಣವೊಂದರಲ್ಲಿ ಒಂದೇ ದೃಶ್ಯಕ್ಕೆ ಅರ್ಧ ಜನ ಅತ್ತರು, ಅರ್ಧ ಜನ ನಕ್ಕರು.

ತೆರೆಯ ಮೇಲೆ ಹೆಂಗಸೊಬ್ಬಳು ಬಗ್ಗಿ ನಿಂತಿದ್ದಾಳೆ. ಹಿಂದಿನಿಂದ ನಾಲ್ಕಾರು ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಿದ್ದಾರೆ. ಸ್ಲೋ ಮೋಷನ್. ಜೊತೆಗೆ ಕರುಳು ಹಿಂಡುವ ಪಿಟೀಲು. ಮುಂದಿನ ಸಾಲಿನ ಗಣ್ಯರು ಕರ್ಚೀಫು ತೆಗೆದರು. ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಯಾರು ಸರಿ? (ತಡೆಯಿರಿ. ಕಾಲೇಜಿನಲ್ಲಿ ಡಿಬೇಟ್ ಮಾಡಿದವರು ತೀರ್ಪನ್ನು ಮೊದಲೇ ಬಿಟ್ಟುಕೊಡುವುದಿಲ್ಲ.)

ಅದು ಸುರೇಖಕ್ಕನ ಬದುಕಿನ ಕುರಿತ ಡಾಕ್ಯುಮೆಂಟರಿ. ಸುರೇಖಕ್ಕ ಯಮಕನಮರಡಿಯಲ್ಲಿ ಹೈವೇ ಪಕ್ಕ ಚಹಾದಂಗಡಿ ಇಟ್ಟಿದ್ದಾಳೆ. ಮೂಡಲಗಿಯ ಮನೆಯಲ್ಲಿ ಅವಳನ್ನು ಗಂಡುಮಗ ಎಂದು ಬೆಳೆಸಿದರು. ನಾನು ಹೆಣ್ಣು ಎಂದು ಅವಳು ಬಾಯಿಬಿಟ್ಟ ದಿನ ಅಣ್ಣ ಹೊಡೆದು ಹೊರಗೆ ಹಾಕಿದ. ಆಮೇಲೆ ವರ್ಷಗಟ್ಟಲೆ ಆ ಹೊಸ್ತಿಲು ಅವಳಿಗೆ ಬಂದ್.

ಬಾಗಿಲು ತೆಗೆದದ್ದು ಅಣ್ಣನ ಹೆಂಡತಿ ಸವಿತಾ ವೈನಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಆಕೆಗೆ ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಹೆಸರು ಹೇಳಲು ಸೋದರತ್ತೆ ಬೇಕಲ್ಲ? ದೂರದ ಯಾರನ್ನಾದರೂ ಕರೆಯೋಣ ಎಂದರು ಹಿರಿಯರು. ವೈನಿ ಒಪ್ಪಲಿಲ್ಲ. ಕೂಸಿಗೆ ಸ್ವಂತ ಅತ್ತಿ ಇದ್ದಾಳೆ, ಅವಳು ಬರದಿದ್ದರೆ ತೊಟ್ಟಿಲೇ ಕಟ್ಟುವುದಿಲ್ಲ ಎಂದು ಕುಳಿತಳು. ವೈನಿಯ ತವರಿನವರು ಮುನಿಸಿಕೊಂಡರು. ಅಣ್ಣ ಹಿತ್ತಲಿಗೆ ಹೋಗಿ ನಿಂತ. ಸುರೇಖಕ್ಕ ಹೊಸ ಇಳಕಲ್ ಸೀರೆ ಉಟ್ಟು ಬಂದಳು.

ನಮ್ಮ ಕಡೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ. ಹೇಳುತ್ತಿದ್ದಂತೆ ಹಿಂದಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ? ಯಾರಿಗೂ ಗೊತ್ತಿಲ್ಲ. (ನಮ್ಮಜ್ಜಿಯನ್ನು ಕೇಳಿದ್ದೆ. ಕೇಳಿದವರಿಗೂ ಒಂದು ಬೀಳುತ್ತದೆ ಎಂದಳು.) ತರ್ಕಕ್ಕೆ ಸಿಗುವ ಆಚರಣೆಯಂತೂ ಅಲ್ಲ. ಒಂದು ಮಾತ್ರ ಖರೆ: ಆ ಗುದ್ದು ಅತ್ತೆಗಲ್ಲದೆ ಬೇರೆ ಯಾರಿಗೂ ಬೀಳುವುದಿಲ್ಲ.

ನಿರ್ದೇಶಕರು ಬೆಂಗಳೂರಿನವರು. ಒಳ್ಳೆಯವರು. ಅದೇ ತೊಂದರೆ. ತೊಟ್ಟಿಲ ದಿನ ಕ್ಯಾಮೆರಾ ಹಿಡಿದು ಆ ಮನೆಗೆ ಬಂದಿದ್ದರು. ಗುದ್ದು ಕಂಡರು, ಕಣ್ಣು ತುಂಬಿಕೊಂಡರು, ಹೋಗಿ ಪಿಟೀಲು ಹಾಕಿಸಿದರು. ಬೆನ್ನ ಹಿಂದೆ ಮೊದಲ ಕೈ ವೈನಿಯದು. ಅವಳ ಮುಖ ಕ್ಲೋಸಪ್. ಅಂದು ನಗುತ್ತಿದ್ದ ಹಲ್ಲು ಸ್ಲೋ ಮೋಷನ್ನಿನಲ್ಲಿ ಕಚ್ಚಲು ಬಂದಂತೆ ಕಾಣುತ್ತಿತ್ತು.

ಆ ವೈನಿ ಭಾನುವಾರ ಸಭಾಂಗಣದಲ್ಲೇ ಇದ್ದಳು, ಸುರೇಖಕ್ಕನ ಬಾಜೂ ಕುರ್ಚಿಯಲ್ಲಿ. ಇಬ್ಬರೂ ಜೊತೆಯಾಗಿ ಊರ ಮುಂದೆ ಕೂತದ್ದು ಅದೇ ಮೊದಲು.

ಲೈಟು ಹತ್ತಿತು. ಚರ್ಚೆ ನಡೆಸಲು ನನ್ನನ್ನು ಕರೆದಿದ್ದರು. (ವಾದ ಮಾಡುವವಳನ್ನು ಚರ್ಚೆಗೆ ಕರೆಯುವುದು ಬೆಕ್ಕನ್ನು ಹಾಲಿನ ಕಾವಲಿಗೆ ಇಟ್ಟಂತೆ.) ನಿರ್ದೇಶಕರು ಮೈಕ್ ಹಿಡಿದು, ಹಿಂದಿನ ಸಾಲಿನ ನಗುವೇ ನಮ್ಮ ಸಮಾಜದ ಕ್ರೌರ್ಯಕ್ಕೆ ಸಾಕ್ಷಿ ಎಂದರು. ಮುಂದಿನ ಸಾಲು ಚಪ್ಪಾಳೆ ತಟ್ಟಿತು.

ಆ ದೃಶ್ಯ ಏನೆಂದು ಯಾರನ್ನಾದರೂ ಕೇಳಿದ್ದಿರಾ ಎಂದೆ. ದೃಶ್ಯವೇ ಮಾತಾಡುತ್ತಿತ್ತು ಎಂದರು. ಅಷ್ಟರಲ್ಲಿ ವೈನಿ ಎದ್ದು ನಿಂತಿದ್ದಳು.

"ಹೊಡಿಯಾಕಂತ ಕರಸಿದ್ನೇನ್ರಿ ನಾ ಇಕಿನ್ನ? ತವರಮನಿ ಬಿಟ್ಟು ಇಕಿ ಕೈ ಹಿಡದೆ. ಈಗ ಊರ ಮುಂದ ನಾನ ರಾಕ್ಷಸಿ ಆದ್ನಿ."

ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟಳು. ಸುರೇಖಕ್ಕನ ಮುಖ ನೋಡಲಾಗಲಿಲ್ಲ. ಅಷ್ಟು ವರ್ಷದ ಮೇಲೆ ತೆರೆದ ಬಾಗಿಲು ಅವಳ ಕಣ್ಣೆದುರೇ ಎದ್ದು ಹೋಗುತ್ತಿತ್ತು.

ಆ ಗುದ್ದು ಸೋದರತ್ತೆಗೆ ಸಲ್ಲುವ ಮರ್ಯಾದೆ ಎಂದು ನಾನು ವಿವರಿಸಿದೆ. ಹಾಗಾದರೆ ಇವರ ಮೇಲೆ ದೌರ್ಜನ್ಯ ಆಗಿಯೇ ಇಲ್ಲವೇ ಎಂದು ನಿರ್ದೇಶಕರು ಪಟ್ಟು ಹಿಡಿದರು. ಪ್ರಶ್ನೆ ಒಳ್ಳೆಯದೇ. ಆಗಿದೆ, ಸ್ವಾಮಿ. ಅಣ್ಣ ಹೊಡೆದದ್ದು ನಿಮ್ಮ ಸಿನಿಮಾದಲ್ಲಿ ಎರಡೇ ಸಾಲು, ಅದೂ ಕಾಫಿ ಕುಡಿಯುತ್ತಾ ಹೇಳಿದಂತೆ. ಯಾಕೆಂದರೆ ಆವತ್ತು ಕ್ಯಾಮೆರಾ ಇರಲಿಲ್ಲ. ಅಳು ಬಂದ ದಿನದ ಶಾಟ್ ಸಿಗಲಿಲ್ಲವೆಂದು ನಕ್ಕ ದಿನದ ಶಾಟಿಗೆ ಅಳು ಹಚ್ಚಿದ್ದೀರಿ.

ನಮ್ಮ ವಾದ ಸುರೇಖಕ್ಕನಿಗೆ ಬೇಡವಾಗಿತ್ತು. ವೇದಿಕೆ ಹತ್ತಿ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡಳು. ಮಾತಾಡಿದ್ದು ನಿರ್ದೇಶಕರಿಗಲ್ಲ.

"ವೈನಿ, ಹೋಗಬ್ಯಾಡ್ರಿ. ಆವತ್ತ ನೀವು ಗುದ್ದಿದ್ರಿ ಅಂತನ ನಾ ಅತ್ತಿ ಆಗೇನಿ. ಇಲ್ಲಾಂದ್ರ ಆ ಮನ್ಯಾಗ ನಾ ಯಾರಿಗೂ ಏನೂ ಅಲ್ಲ. ಬರ್ರಿ, ಇವರಿಗೆ ತಿಳದಿಲ್ಲ, ಇನ್ನೊಮ್ಮಿ ತೋರಸೂಣು."

ಬೆನ್ನು ಬಗ್ಗಿಸಿ ವೇದಿಕೆಯ ಮೇಲೆ ನಿಂತೇಬಿಟ್ಟಳು.

ವೈನಿ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಚೀಲವನ್ನು ಯಾರದೋ ತೊಡೆಯ ಮೇಲಿಟ್ಟು ಮೆಟ್ಟಿಲು ಹತ್ತಿ ಬಂದಳು. ಧಡ್ ಎಂದು ಒಂದು ಬಿತ್ತು. ಸಿಟ್ಟೂ ಅದರಲ್ಲೇ ಬಿತ್ತು ಎಂದು ನನ್ನ ಅನುಮಾನ.

"ಸಾವಕಾಶ ರೀ ವೈನಿ," ಎಂದಳು ಸುರೇಖಕ್ಕ ಬಗ್ಗಿಕೊಂಡೇ, "ಹೆಸರ ಇನ್ನೂ ಹೇಳಿಲ್ಲ."

ವೈನಿ ನಕ್ಕಳು. ಹಿಂದಿನ ಸಾಲು ನಕ್ಕಿತು. ಕರ್ಚೀಫು ಹಿಡಿದ ಮುಂದಿನ ಸಾಲಿಗೂ ತಡವಾಗಿ ನಗು ಬಂತು. ಆಗ ನಿರ್ದೇಶಕರು ನನ್ನ ಬಳಿ ಬಗ್ಗಿ, ಇನ್ನೊಮ್ಮೆ ಮಾಡಲು ಹೇಳುತ್ತೀರಾ, ಕ್ಯಾಮೆರಾ ಆನ್ ಇರಲಿಲ್ಲ ಎಂದರು.

ಹೇಳಲಿಲ್ಲ. ಅತ್ತಿಗೆ ನಾದಿನಿ ಇಬ್ಬರೂ ಒಂದೇ ಬಸ್ಸಿನಲ್ಲಿ ಮೂಡಲಗಿಗೆ ಹೋದರು, ಕೂಸಿಗೆ ಕರದಂಟಿನ ಡಬ್ಬಿ ಹಿಡಿದುಕೊಂಡು. (ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ. ಡಬ್ಬಿ ಖಾಲಿ ಮಾಡುವ ಇಬ್ಬರು ಯಾರೆಂದು ನಿಮಗೇ ಗೊತ್ತು.) ಪಿಟೀಲು ತೆಗೆಯುವ ಬಗ್ಗೆ ಯೋಚಿಸುತ್ತಾರಂತೆ ನಿರ್ದೇಶಕರು, ತುಂಬ ಪ್ರೀತಿಯಿಂದ ಮಾಡಿಸಿದ ಮ್ಯೂಸಿಕ್ಕಂತೆ.

ಸುರೇಖಕ್ಕನನ್ನು ಗುದ್ದಿನಿಂದ ಕಾಪಾಡಲು ಬಂದಿರಿ, ಸಂತೋಷ. ನಿಮ್ಮ ಪಿಟೀಲಿನಿಂದ ಅವಳನ್ನು ಕಾಪಾಡುವವರು ಯಾರು?