ಮೂರೂಕಾಲು ಇಂಚು

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಕಾರಿದೆ. ಎರಡೇ ಸೀಟು, ಉದ್ದನೆಯ ಮೂತಿ, ತಲೆಯ ಮೇಲೆ ತಗಡಿನ ಬದಲು ಮಡಚುವ ಬಟ್ಟೆ. ನಮ್ಮ ಮಾವ ಬೇರಿಕೆ ಊರಿನ ಹತ್ತಿರದ ಒಂದು ತೋಟದ ಮಾಲೀಕರಿಗೆ ಡ್ರೈವರಾಗಿದ್ದರು. ಆ ಮಾಲೀಕರು ತೋಟ ಕೊಟ್ಟು ಊರು ಬಿಡುವಾಗ, ಇದನ್ನು ನಿನ್ನಷ್ಟು ಚೆನ್ನಾಗಿ ನೋಡಿಕೊಳ್ಳುವವರು ಯಾರಿದ್ದಾರೆ ಎಂದು ಕಾರನ್ನು ಮಾವನ ಹೆಸರಿಗೇ ಬರೆದುಕೊಟ್ಟರಂತೆ. ಮಾವ ಇರುವವರೆಗೂ ದಿನಾ ಬೆಳಗ್ಗೆ ಹಳೆ ಪಂಚೆಯ ತುಂಡಿನಲ್ಲಿ ಅದರ ಬಾನೆಟ್ ಒರೆಸುತ್ತಿದ್ದರು. ಹಲ್ಲುಜ್ಜುವುದು ಅದಾದ ಮೇಲೆಯೇ. ಈ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರು ಹೋದ ಮರುವರ್ಷ ಎಂಜಿನ್ನೂ ಹೋಯಿತು. ಒಳಗೆಲ್ಲೋ ಬಿರುಕು ಬಿಟ್ಟು, ಎಣ್ಣೆಗೆ ನೀರು ಸೇರಿ, ಹಾಲು ಹೆಚ್ಚಾದ ಟೀ ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಬೇಕಾದ ಸಾಮಾನು ಎಲ್ಲೂ ಸಿಗಲಿಲ್ಲ. ಕಾರು ನಿಂತಲ್ಲೇ ನಿಂತಿತು. ಡ್ರೈವರ್ ಸೀಟಿನ ಮೇಲೆ ನಾನು ಹುಣಿಸೆಹಣ್ಣಿನ ಮಡಕೆ ಇಡತೊಡಗಿದೆ. ನನ್ನ ಗಂಡ ನೋಡಿಯೂ ನೋಡದ ಹಾಗೆ ಇದ್ದರು.

ಇವರು ಹೊಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಾರೆ. ಕೂದಲನ್ನು ಹತ್ತು ಭಾಗ ಮಾಡಿ ಅದರಲ್ಲಿ ಒಂದನ್ನು ಅಳೆಯುವ ಕೆಲಸ. ಹೋದ ವರ್ಷ ಆಯುಧಪೂಜೆಯ ಹೊತ್ತಿಗೆ ಸೂಳಗಿರಿಯ ಗುಜರಿಯಲ್ಲಿ ಒಂದು ದೊಡ್ಡ ಪೆಟ್ರೋಲ್ ಕಾರಿನ ಎಂಜಿನ್ ಇವರ ಕಣ್ಣಿಗೆ ಬಿತ್ತು. ಕಾರು ನಜ್ಜುಗುಜ್ಜಾಗಿದ್ದರೂ ಎಂಜಿನ್ನಿಗೆ ಏನೂ ಆಗಿರಲಿಲ್ಲ. ನಮ್ಮ ಕಾರಿನದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಟೆಂಪೋದಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ಇಳಿಸಿದರು. ಆಮೇಲೆ ಪ್ರತಿ ಭಾನುವಾರ ಸೀಮೆಎಣ್ಣೆ, ಬ್ರಷ್ಷು ಹಿಡಿದು ಅದಕ್ಕೆ ಸ್ನಾನ. ಅದು ಬಾಗಿಲ ಎದುರಿಗೇ ಕೂತಿದ್ದರಿಂದ ನಾನು ಒಂದು ತಿಂಗಳು ಅದರ ಸುತ್ತಲೇ ರಂಗೋಲಿ ಹಾಕಿದೆ. ನಮ್ಮೂರು ತಮಿಳುನಾಡಿಗೆ ಸೇರಿದ್ದರಿಂದ ಎಂಜಿನ್ ಬದಲಿಸುವ ಅನುಮತಿಯ ಅರ್ಜಿ ತಮಿಳಿನಲ್ಲಿ ತುಂಬಬೇಕಿತ್ತು. ತಮಿಳಿನಲ್ಲಿ ಓದಿದವಳು ನಾನೇ ಆದ್ದರಿಂದ ಅದನ್ನೂ ತುಂಬಿಕೊಟ್ಟೆ.

ಆ ಶೆಡ್ಡು ನಮ್ಮೊಬ್ಬರದಲ್ಲ, ಕಾರೂ ಅಲ್ಲ. ಪಕ್ಕದ ಮನೆಯಲ್ಲೇ ಇರುವ ನಮ್ಮ ಭಾವನಿಗೆ, ಅಂದರೆ ಇವರ ಅಣ್ಣನಿಗೆ, ಎರಡರಲ್ಲೂ ಅರ್ಧ ಪಾಲು. ಭಾವ ಕೆಲಮಂಗಲದ ರಸ್ತೆಯಲ್ಲಿ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುತ್ತಾರೆ. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಅವರ ಹೂವು ಎಲ್ಲೆಲ್ಲಿಗೋ ಹೋಗುತ್ತದೆ. ಅರವತ್ತರ ಹತ್ತಿರದ, ಯಾರಿಗೂ ಒಂದು ಸಿಹಿ ಮಾತಾಡದ ಈ ಮನುಷ್ಯನ ವರ್ಷದ ಹಣೆಬರಹವೆಲ್ಲ ಪ್ರೇಮಿಗಳ ಕೈಯಲ್ಲಿದೆ. ಈ ಸಲ ಹೂವನ್ನು ಕಡ್ಡಿಯ ಉದ್ದ ನೋಡಿ ವಿಂಗಡಿಸಿ ಕಟ್ಟು ಕಟ್ಟಲು ನೆರಳಿನ ಜಾಗ ಸಾಲದೆ ಅವರ ಕಣ್ಣು ಶೆಡ್ಡಿನ ಮೇಲೆ ಬಿತ್ತು. ಜೊತೆಗೆ ಸೂಳಗಿರಿ ಹೈವೇಯ ಒಬ್ಬ ಡಾಬಾದವನು ಕಾರನ್ನು ಕೇಳಿದ್ದ. ಡಾಬಾ ಮುಂದೆ ಕಟ್ಟೆ ಕಟ್ಟಿ, ಕಾರನ್ನು ಮೇಲೆ ನಿಲ್ಲಿಸಿ, ಬಾನೆಟ್ ತೆಗೆದು ಒಳಗೆ ಮಣ್ಣು ತುಂಬಿ ಸೇವಂತಿಗೆ ನೆಡುತ್ತಾನಂತೆ. ಬಂದವರು ಫೋಟೋ ತೆಗೆಸಿಕೊಳ್ಳಬೇಕಂತೆ.

ಡಿಸೆಂಬರಿನ ಒಂದು ಮಧ್ಯಾಹ್ನ ಭಾವ ಊಟದ ಹೊತ್ತಿಗೇ ಬಂದು ಹೇಳಿದರು. "ಸಂಕ್ರಾಂತಿ ದನದಬ್ಬ ಆದ ಮಾರನೇ ದಿನ ನಂಗೆ ಶೆಡ್ಡು ಬೇಕು ಕಣ್ಲಾ. ಅಷ್ಟ್ರೊಳಗೆ ಕಾರು ತಾನಾಗೇ ಆಚಿಕ್ ಬಂದ್ರೆ ನಿಂದು. ಇಲ್ಲಾಂದ್ರೆ ಡಾಬಾದವ್ನು ಟ್ರ್ಯಾಕ್ಟರ್ ತತ್ತಾನೆ." ಬಾಗಿಲವರೆಗೂ ಹೋದವರು ತಿರುಗಿ ನಿಂತರು. "ಎಂಜಿನ್ ದೊಡ್ದು ಅಂತ ಬಾನೆಟ್ಟಿಗೆ ಮಾತ್ರ ಕತ್ರಿ ಹಾಕ್ಬಾರ್ದು. ಅಪ್ಪ ಒರಸಿರೋ ತಗಡು ಅದು."

ಮಣ್ಣು ತುಂಬುವವನಿಗೆ ಕೊಡಬಹುದು, ಕತ್ತರಿ ಮಾತ್ರ ಹಾಕಬಾರದು. ಇದು ಯಾವ ನ್ಯಾಯವೋ ನನಗೆ ತಿಳಿಯಲಿಲ್ಲ. ಇವರು ಆವತ್ತು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಎಂಜಿನ್ನಿಗೆ ಮೂರು ಕಾಲು: ಮುಂದೆ ಎರಡು, ಗೇರುಪೆಟ್ಟಿಗೆಯ ಕೆಳಗೆ ಒಂದು. ಇವನ್ನು ಕಬ್ಬಿಣದ ಪಟ್ಟಿಯಲ್ಲಿ ಮಾಡಿಕೊಟ್ಟವನು ನಮ್ಮೂರಿನ ವೆಲ್ಡಿಂಗ್ ಮೇಸ್ತ್ರಿ. ಮನೆಯಲ್ಲಿ ತಮಿಳು, ಗಿರಾಕಿಗಳ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ಗೇಟು, ಗ್ರಿಲ್ಲು ಮಾಡುವ ಕೈ ಅವನದು, ಹೇಳಿದ ಅಳತೆಗೆ ಕರಾರುವಾಕ್ಕು. ಆದರೆ ಮಿಲಿಮೀಟರ್ ಎಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇವರು ಅವನಿಗಾಗಿ ಮಿಲಿಮೀಟರನ್ನೆಲ್ಲ ಇಂಚಿಗೆ ತಿರುಗಿಸಿ ಹೇಳುತ್ತಿದ್ದರು.

ಜನವರಿ ಮೊದಲ ವಾರ ಚೈನ್ ಬ್ಲಾಕಿನ ಸರಪಳಿ ರಾಟೆಯಲ್ಲಿ ಎಂಜಿನ್ ಎತ್ತಿ ಕಾರಿನೊಳಗೆ ಇಳಿಸಿದರು. ಕೂತಿತು. ಬಾನೆಟ್ ಮಾತ್ರ ಮುಚ್ಚಲಿಲ್ಲ. ಎಲ್ಲಿ ತಾಗುತ್ತಿದೆ, ಎಷ್ಟು ತಾಗುತ್ತಿದೆ ಎಂದು ನೋಡಲು ಇವರು ಚಪಾತಿ ಹಿಟ್ಟು ಕೇಳಿದರು. ನಾನು ಒಂದು ಬೋಗುಣಿ ಕಲಸಿ ಉಂಡೆ ಕಟ್ಟಿ ಕೊಟ್ಟೆ. ಎಂಜಿನ್ನಿನ ತಲೆಯ ಮೇಲೆ ಹಿಂದೆ ಮುಂದೆ ನಿಂಬೆಗಾತ್ರದ ಉಂಡೆ ಇಟ್ಟು ಬಾನೆಟ್ ಒತ್ತಿದರು. ತೆಗೆದರೆ ಮುಂದಿನ ಉಂಡೆ ಅಪ್ಪಚ್ಚಿಯಾಗಿತ್ತು. ಕಾಲಿಂಚು ಇಳಿಸಿದರೆ ಸಾಕೇನೋ, ಸಾಲದೇನೋ, ನಾಳೆ ಲೆಕ್ಕ ಹಾಕಿ ಹೇಳುತ್ತೇನೆ ಎಂದು ಎಂಜಿನ್ನನ್ನು ಮತ್ತೆ ಮೇಲೆತ್ತಿ ನೇತುಹಾಕಿದರು. ಕಾಲುಗಳನ್ನು ಬಿಚ್ಚಿ ಕೆಳಗಿಟ್ಟರು.

ಮರುದಿನ ಹತ್ತು ಗಂಟೆಗೆ ಕಾರ್ಖಾನೆಯಿಂದ ಫೋನು. ಟೀ ವೇಳೆಯಲ್ಲಿ ಮಾತ್ರ ಅಲ್ಲಿ ಫೋನು ಮುಟ್ಟಬಹುದು, ಮೇಸ್ತ್ರಿಯ ಫೋನಿಗೆ ಎಂದೂ ಚಾರ್ಜ್ ಇರುವುದಿಲ್ಲ, ಹಾಗಾಗಿ ನನಗೆ ಮಾಡಿದ್ದರು. ಹಿಂದೆ ಮೆಷೀನುಗಳ ಸದ್ದು. "ಮೂರೂಕಾಲು ಇಂಚು ಇಳಿಸ್ಬೇಕು ಅಂತ ಮೇಸ್ತ್ರಿಗೇಳು," ಎಂದು ಇಟ್ಟುಬಿಟ್ಟರು.

ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ನನಗೆ ಇಂಚು ಹೊಸದಲ್ಲ. ಆಗ ಕೈಯಲ್ಲಿದ್ದದ್ದೂ ಯಾರದೋ ತೋಳಿನ ಅಳತೆಯ ಚೀಟಿ. ಅದರ ಕೆಳಗೇ ಎಂಜಿನ್ ಎಂದು ಬರೆದು ಮೂರೂಕಾಲು ಎಂದು ಗುರುತು ಹಾಕಿಕೊಂಡೆ. ಹನ್ನೊಂದಕ್ಕೆ ಮೇಸ್ತ್ರಿ ಬಂದ, ಹೇಳಿದೆ. ಅವನು ಎರಡು ಸಲ ಕೇಳಿದ, ನಾನು ಎರಡು ಸಲವೂ ಚೀಟಿ ನೋಡಿ ಹೇಳಿದೆ. ಅವನು ಮೂರು ಕಾಲುಗಳನ್ನೂ ನಾಜೂಕಾಗಿ ಕುಯ್ದು, ಅಂಚು ಉಜ್ಜಿ, ಸಾಲಾಗಿ ಜೋಡಿಸಿಟ್ಟ.

ಸಂಜೆ ಕಂಪನಿ ಬಸ್ಸಿಳಿದು ಬಂದ ಇವರು ಟಿಫನ್ ಡಬ್ಬಿ ಹಿಡಿದೇ ಶೆಡ್ಡಿಗೆ ಹೋದರು. ನಾಲ್ಕು ಇಂಚಿನ ಕಾಲುಗಳಲ್ಲಿ ಉಳಿದಿದ್ದದ್ದು ಮುಕ್ಕಾಲು ಇಂಚು. ಇವರು ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಎಷ್ಟು ಕುಯ್ದೆ ಎಂದು ಇನ್ನೂ ಅಲ್ಲೇ ಇದ್ದ ಮೇಸ್ತ್ರಿಯನ್ನು ಮೆತ್ತಗೆ ಕೇಳಿದರು.

"ಅಕ್ಕ ಏಳ್ದಂಗೇ ಕುಯ್ದಿವ್ನಿ ಸಾರ್. ಮೂರೂಕಾಲು. ರೇಸ್ ಗಾಡಿ ನೆಲಕ್ಕಂಟ್ಕೊಂಡೇ ಇರ್ತದಲ್ಲ, ಅಂಗೇನೋ ಅನ್ಕೊಂಡೆ."

ಇವರು ನನ್ನ ಕಡೆ ತಿರುಗಿದರು. "ನಾನೇಳಿದ್ದು ಮೂರೂ. ಕಾಲು ಇಂಚು."

ಮೂರು ಕಾಲುಗಳನ್ನೂ ಕಾಲು ಇಂಚು. ನನಗೆ ಆಗ ಹೊಳೆಯಿತು. "ನಡುವೆ ಒಂದು ಉಸಿರು ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದೆ. ಜೋರಾಗಿ ಅಂದೆನಾದರೂ ಚೀಟಿಯನ್ನು ಮಡಚಿ ಸೆರಗಿನೊಳಗೆ ಸಿಕ್ಕಿಸಿಕೊಂಡೆ. ಇವರಿಗೆ ಆ ಕಾರು ಏನೆಂದು ನನಗೆ ಗೊತ್ತು. ಮಾವನ ತೊಡೆಯ ಮೇಲೆ ಕೂತು ಸ್ಟೀರಿಂಗ್ ಹಿಡಿದ ಕಾರು ಅದು. ನನ್ನ ಒಂದು ಚೀಟಿಯಿಂದ ಅದು ಸೇವಂತಿಗೆ ಕುಂಡವಾಗುವುದಿತ್ತು.

ಸದ್ದು ಕೇಳಿ ಭಾವ ಬಂದರು. ಸಂಗತಿ ತಿಳಿದ ಮೇಲೆ ನಕ್ಕರು ನೋಡಿ, ಕ್ರೇಟಿನ ಮೇಲೆ ಕೂತು, ಟವಲಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. "ಇವ್ಳ ಕೈಲಿ ಅಂಗಿ ಹೊಲಿಸ್ಕೊಳ್ದೆ ಇದ್ದಿದ್ದೇ ವಾಸಿಯಾಯ್ತು ಕಣ್ಲಾ. ತೋಳೇ ಇರ್ತಿರ್ಲಿಲ್ಲ." ಆದರೆ ಗಡುವು ಒಂದು ದಿನವೂ ಮುಂದೆ ಹೋಗಲಿಲ್ಲ.

ಅದುವರೆಗೂ ಇವರಿಗೆ ಬಿಡುವಾಗಲಿಲ್ಲ; ಹಬ್ಬಕ್ಕೆ ಕಾರ್ಖಾನೆ ನಾಲ್ಕು ದಿನ ರಜ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಬೆಳಗ್ಗೆ, ಶೆಡ್ಡು ಗುಡಿಸಲು ಹೋದಾಗ ನೇತಾಡುತ್ತಿದ್ದ ಎಂಜಿನ್ನಿನ ಮೇಲೆ ಇರುವೆ ಸಾಲು. ಒಣಗಿದ ಹಿಟ್ಟು ಹಾಗೇ ಅಂಟಿಕೊಂಡಿತ್ತು. ಚಮಚ ತಂದು ಕೆರೆಯತೊಡಗಿದೆ. ಮುಂದಿನದು ಸಂಡಿಗೆಯಂತೆ ತೆಳ್ಳಗಾಗಿತ್ತು. ಹಿಂದಿನದು ನಾನು ಉಂಡೆ ಕಟ್ಟಿಕೊಟ್ಟ ಹಾಗೇ ದುಂಡಗೆ, ನನ್ನ ಬೆರಳಚ್ಚಿನ ಸಮೇತ ಇತ್ತು.

ಕಾಫಿ ಕುಡಿಯುತ್ತ ಕೂತಿದ್ದ ಇವರಿಗೆ ಎರಡನ್ನೂ ತಂದು ತೋರಿಸಿದೆ. "ಹಿಂದಿಂದು ನಲುಗೇ ಇಲ್ವಲ್ರೀ."

ಇವರು ಲೋಟ ಕೆಳಗಿಟ್ಟರು. ಬಾನೆಟ್ ಮುಂದಕ್ಕೆ ಇಳಿಜಾರು, ಗಾಜಿನ ಕಡೆಗೆ ಎತ್ತರ. ಎಂಜಿನ್ನನ್ನು ಇಳಿಸುವ ಬದಲು ಎರಡು ಇಂಚು ಹಿಂದಕ್ಕೆ ತಳ್ಳಿದರೆ? ಮೊದಲು ಮಾಡಿದ ಕಾಲುಗಳು ಎಂಜಿನ್ನನ್ನು ಇದ್ದಲ್ಲಿಗೇ ಕಟ್ಟಿಹಾಕಿದ್ದರಿಂದ ಈ ಯೋಚನೆ ಯಾರ ತಲೆಗೂ ಬಂದಿರಲಿಲ್ಲ. ಕಾಲಿಂಚು ಇಳಿಸಿದ್ದರೆ ತಳದ ಎಣ್ಣೆತೊಟ್ಟಿ ಸ್ಟೀರಿಂಗಿನ ಸರಳಿಗೆ ತಾಗುತ್ತಿತ್ತು ಎಂದೂ ಅಳೆದು ನೋಡಿದ ಮೇಲೆ ತಿಳಿಯಿತು. ಈಗ ಹೇಗೂ ಕಾಲುಗಳೇ ಇಲ್ಲ. ಎಲ್ಲಿ ಬೇಕೋ ಅಲ್ಲಿಗೆ ಹೊಸದು ಮಾಡಬಹುದು.

ಕಬ್ಬಿಣದ ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು. ದಪ್ಪ ಪಟ್ಟಿ ಇದ್ದದ್ದು ಭಾವನ ಪಾಲಿಹೌಸಿನಲ್ಲಿ ಮಾತ್ರ. ಮೇಸ್ತ್ರಿಯೇ ಹೋಗಿ ಕೇಳಿದ. ಕೊಡಲ್ಲ ಎಂದರೆ ಸೋಲಿಗೆ ಹೆದರಿದೆ ಅಂತೀರಿ ಎಂದು ಗೊಣಗುತ್ತಲೇ ಭಾವ ಅದನ್ನು ತಾವೇ ಹೊತ್ತು ತಂದು ಹಾಕಿದರು. ಕೆಲಮಂಗಲದಲ್ಲಿ ಲೇತ್ ಇಟ್ಟಿರುವ ಒಬ್ಬ ಪರಿಚಯದವರು ಅರ್ಧ ದಿನ ಬಾಗಿಲು ತೆಗೆದು, ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಆ ಎರಡು ಇಂಚು ಗಿಡ್ಡ ಮಾಡಿಕೊಟ್ಟರು. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಇವರೂ ಮೇಸ್ತ್ರಿಯೂ ಗ್ರೀಸ್ ಕೈಯಲ್ಲೇ ತಿಂದರು. ಹಸುಗಳ ಕೊಂಬಿಗೆ ಬಣ್ಣ ಹಚ್ಚುವ ದನದ ಹಬ್ಬದ ದಿನ ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಹೊಸ ಕಾಲುಗಳ ಮೇಲೆ ಕೂತಿತು.

ಮರುದಿನ ಬೆಳಗ್ಗೆ ಇವರು ವಯರು, ಪೈಪುಗಳನ್ನು ಇನ್ನೊಮ್ಮೆ ನೋಡುತ್ತಿರುವಾಗಲೇ ಡಾಬಾದವನು ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಎರಡು ಸಲ ಕೆಮ್ಮಿದ ಎಂಜಿನ್ ಮೂರನೆಯ ಸಲಕ್ಕೆ ಹಿಡಿಯಿತು. ಹಳೆಯದರದು ಗೊಣಗುವ ದನಿ. ಇದರದು ದಪ್ಪ ಗಂಟಲು, ಶೆಡ್ಡಿನ ತಗಡೆಲ್ಲ ನಡುಗಿತು. ಬಾನೆಟ್ಟನ್ನು ತಾವೇ ಮುಚ್ಚಬೇಕೆಂದು ಭಾವ ಹಟ ಹಿಡಿದರು. ಎರಡೂ ಕೈಯಿಂದ ಒತ್ತಿದರು. ಕಟಕ್ ಎಂದಿತು. ತೆಗೆದು ಮತ್ತೆ ಮುಚ್ಚಿದರು, ಮತ್ತೆ ಕಟಕ್. ತಗಡಿನ ಮೇಲೆ ಅಂಗೈ ಆಡಿಸಿ ಉಬ್ಬಿದೆಯೇ ಎಂದು ನೋಡಿದರು. ಆಮೇಲೆ ತಮ್ಮನಿಗೆ ಹೇಳಿದರು, "ಆ ಕಡೆ ಜರುಗ್ಲಾ. ಆಚಿಕ್ ಬರ್ಬೇಕು ಅಂದೋನು ನಾನು. ನಾನೇ ತತ್ತೀನಿ."

ಇವರು ಪಕ್ಕದ ಸೀಟಿಗೆ ಸರಿದರು, ಭಾವ ಸ್ಟೀರಿಂಗ್ ಹಿಡಿದರು, ಕಾರು ಶೆಡ್ಡಿನಿಂದ ಅಂಗಳಕ್ಕೆ ಬಂತು. ಅಂಗಳದಲ್ಲಿ ನಿಲ್ಲಲಿಲ್ಲ. ಗೇಟು ದಾಟಿ ಕೆಲಮಂಗಲದ ದಾರಿ ಹಿಡಿಯಿತು. ದಿಣ್ಣೆ ಏರುವಲ್ಲಿ ಹಳೆಯ ಎಂಜಿನ್ ಯಾವಾಗಲೂ ಏದುಸಿರು ಬಿಡುತ್ತಿತ್ತು. ನಾನು ಕಿವಿ ಕೊಟ್ಟು ನಿಂತೆ. ದನಿ ಒಂದಿಷ್ಟೂ ಇಳಿಯದೆ ದಿಣ್ಣೆ ದಾಟಿ ದೂರವಾಯಿತು. ಡಾಬಾದವನಿಗೆ ಕಾಫಿ ಕೊಟ್ಟೆ, ಆಮೇಲೆ ಇಡ್ಲಿ ಕೊಟ್ಟೆ. ಅಣ್ಣತಮ್ಮ ವಾಪಸ್ಸು ಬರುತ್ತಾರಾ ಅಕ್ಕಾ ಎಂದು ಅವನೇ ಕೇಳಿದ.

ಬಂದಾಗ ಭಾವನ ಕೂದಲೆಲ್ಲ ನೆಟ್ಟಗೆ ನಿಂತಿತ್ತು. ಹೆಗಲು ಬರಿದಾಗಿತ್ತು. ಟವಲು ಎಲ್ಲಿ ಭಾವ ಎಂದೆ.

"ದಿಣ್ಣೆ ತಾವ ಗಾಳಿಗೆ ಆರೋಯ್ತಮ್ಮ. ನಿಲ್ಸೋಕ್ ಮನಸಾಗ್ಲಿಲ್ಲ."

ಡಾಬಾದವನಿಗೆ ಕಾರು ಇಲ್ಲಪ್ಪ ಎಂದಷ್ಟೇ ಹೇಳಿ, ಎರಡು ಕಟ್ಟು ಕೆಂಪು ಗುಲಾಬಿ ಟ್ರ್ಯಾಕ್ಟರಿನಲ್ಲಿ ಇಟ್ಟು ಕಳಿಸಿದರು. ಶೆಡ್ಡಿನೊಳಕ್ಕೆ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದವರೂ ಅವರೇ. ಭಾನುವಾರ ಬೆಳಗ್ಗೆ ಕಾರು ತಮಗೆ, ಮಧ್ಯಾಹ್ನದ ಮೇಲೆ ತಮ್ಮನಿಗೆ ಎಂದು ತಾವೇ ತೀರ್ಮಾನ ಮಾಡಿ ಹೋದರು.

ಗುಲಾಬಿಗೆ ನೆರಳು ಬೇಕೇ ಬೇಕಲ್ಲ. ಹೂವಿನ ಕೆಲಸ ನಮ್ಮ ಪಡಸಾಲೆಗೆ ಬಂತು. ಫೆಬ್ರವರಿ ಅರ್ಧದವರೆಗೂ ನಾನು ಹೊಲಿಗೆ ಮೆಷೀನನ್ನು ಅಡುಗೆಮನೆಗೆ ಎಳೆದುಕೊಂಡು, ಕ್ರೇಟುಗಳ ನಡುವೆ ಅಡ್ಡಡ್ಡವಾಗಿ ನಡೆದೆ. ಎಷ್ಟು ಗುಡಿಸಿದರೂ ಮುಳ್ಳು ಉಳಿಯುತ್ತಿತ್ತು. ಕಂಪನಿ ಬಸ್ಸಿಗೆ ಓಡುವ ಆತುರದಲ್ಲಿ ಇವರು ದಿನಾ ಬೆಳಗ್ಗೆ ಒಂದನ್ನಾದರೂ ತುಳಿಯುತ್ತಿದ್ದರು. ಹೊಸಿಲ ಮೇಲೆ ಕೂತು ಕಿತ್ತು ಬಿಸಾಡಿ, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು.