ಮೋಟಾರು ಹತ್ತದ ತೀರ್ಪುಗಾರ

ಮಧುಗಿರಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಹೋಟೆಲು ಇಟ್ಟಿದ್ದ ನಾಗಲಿಂಗಯ್ಯ ಐವತ್ತೆರಡು ವರ್ಷ ತುಂಬುವವರೆಗೂ ಮೋಟಾರು ಹತ್ತಿದವನಲ್ಲ. ಎತ್ತಿನ ಗಾಡಿಯಲ್ಲಿ ಕೂತರೂ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಅದು ಗೊತ್ತಿದ್ದವಳು ಹೆಂಡತಿ ಕರಿಬಸಮ್ಮ ಒಬ್ಬಳೇ. ಊರವರಿಗೆ ಅವನು ಹೋಟೆಲು ಬಿಟ್ಟು ಕದಲಲು ಪುರಸೊತ್ತಿಲ್ಲವೆಂದು ಹೇಳಿದ್ದ. ಹಾಗಿದ್ದೂ ಯಾವ ಡ್ರೈವರು ಯಾರಿಗಿಂತ ಮೇಲು ಎಂಬ ವಾದ ಹುಟ್ಟಿದಾಗಲೆಲ್ಲ ಜನ ತೀರ್ಪಿಗೆ ಬರುತ್ತಿದ್ದುದು ಅವನ ಬಳಿಗೇ.

ವಾದಕ್ಕೆ ವಸ್ತುವೇನೋ ಇತ್ತು. ಬಸ್ಸಿನ ಸಾಹುಕಾರ ಸಂಜೀವಯ್ಯನವರ ಎರಡು ಬಸ್ಸುಗಳು ಶಿರಾಕ್ಕೆ ಹೋಗಿ ಬರುತ್ತಿದ್ದವು. ಬೆಳಿಗ್ಗೆ ನಂದೀಶ್ವರಯ್ಯನ ಬಸ್ಸು ಮೊದಲು ಹೊರಡುವುದು, ಅರ್ಧ ಗಂಟೆ ಬಿಟ್ಟು ರುದ್ರಯ್ಯನದು. ವಾಪಸು ಬರುವಾಗ ಮೊದಲು ಕಾಣುತ್ತಿದ್ದುದು ರುದ್ರಯ್ಯನ ಧೂಳು. ಅವನು ಒಂದೇ ಕೈಯಲ್ಲಿ ಚಕ್ರ ಹಿಡಿದು, ಹಿಂದೆ ಕೂತವರ ಕಡೆ ತಿರುಗಿ ಹರಟುತ್ತ ಓಡಿಸುವವನು; ಬ್ರೇಕು ಹೆಂಗಸರಿಗೆ ಎಂಬುದು ಅವನ ಸಿದ್ಧಾಂತ. ನಂದೀಶ್ವರಯ್ಯ ಹೊರಡುವ ಮುನ್ನ ನಾಲ್ಕು ಚಕ್ರವನ್ನೂ ಒದ್ದು ನೋಡುವವನು, ಕುರಿಮಂದೆ ಅಡ್ಡ ಬಂದರೆ ಕೊನೆಯ ಮರಿ ದಾಟುವವರೆಗೆ ಕಾಯುವವನು.

"ರುದ್ರಯ್ಯ ರಸ್ತೇನ ಹಗ್ಗದಂಗೆ ಎಳ್ಕಂಡ್ ಬತ್ತಾನೆ. ನಂದೀಶ್ವರಯ್ಯ ರಸ್ತೆ ಕರ್ಕಂಡ್ ಹೋದ ಕಡೆ ಹೋಯ್ತಾನೆ, ಅಷ್ಟೇಯ," ಎಂದು ನಾಗಲಿಂಗಯ್ಯ ವರ್ಷಗಟ್ಟಲೆ ತೀರ್ಪು ಕೊಟ್ಟಿದ್ದ.

ರುದ್ರಯ್ಯನ ಬಸ್ಸಿನಿಂದ ಇಳಿದವರು ಇಡ್ಲಿಯ ವಾಸನೆಗೇ ಮುಖ ತಿರುಗಿಸುತ್ತಿದ್ದರು. ನಂದೀಶ್ವರಯ್ಯ ಇಳಿಸಿದವರು ಹಸಿದು ಬಂದು ಪಾತ್ರೆ ಖಾಲಿ ಮಾಡುತ್ತಿದ್ದರು. ಹೋಟೆಲು ನಡೆಯುತ್ತಿದ್ದುದು ಒಬ್ಬನಿಂದ, ಹೊಗಳಿಕೆ ಸಲ್ಲುತ್ತಿದ್ದುದು ಇನ್ನೊಬ್ಬನಿಗೆ. ಕರಿಬಸಮ್ಮ ಅದನ್ನು ಎತ್ತಿ ಆಡಿದರೆ, ವಿದ್ಯೆಗೂ ವ್ಯಾಪಾರಕ್ಕೂ ಗಂಟು ಹಾಕಬಾರದೆಂದು ಅವನು ಗದರುತ್ತಿದ್ದ.

ಯುದ್ಧ ಬಂತು, ಪೆಟ್ರೋಲು ಹೋಯಿತು. ಸಂಜೀವಯ್ಯನವರು ಒಂದು ಬಸ್ಸನ್ನು ಮಾರಿ, ಉಳಿದದ್ದು ಪೆಟ್ರೋಲಿಗೆ ಬದಲಾಗಿ ಇದ್ದಿಲಿನ ಗ್ಯಾಸಿನಿಂದ ಓಡಲೆಂದು ಅದಕ್ಕೊಂದು ಒಲೆ ಕಟ್ಟಿಸಿದರು. ಒಂದು ಬಸ್ಸಿಗೆ ಒಬ್ಬನೇ ಡ್ರೈವರು ಸಾಕು. ಯಾರನ್ನು ಇಟ್ಟುಕೊಳ್ಳಬೇಕೆಂದು ಕೇಳಲು ಅವರು ಹೋಟೆಲಿಗೇ ಬಂದರು. ಇಬ್ಬರ ಜೊತೆಗೂ ಒಂದೊಂದು ದಿನ ಶಿರಾಕ್ಕೆ ಹೋಗಿಬಂದು ಹೇಳಬೇಕು ಎಂದರು. ಹತ್ತು ಜನರ ಎದುರಿಗೆ ಕೇಳಿದ್ದರಿಂದ ನಾಗಲಿಂಗಯ್ಯನಿಗೆ ಒಲ್ಲೆ ಎನ್ನುವ ದಾರಿ ಇರಲಿಲ್ಲ.

"ಈಜು ಬರದೋರು ಕೆರೆ ಆಳ ಹೇಳ್ತಿದ್ರಿ. ಈಗ ಇಳೀರಿ," ಎಂದು ಕರಿಬಸಮ್ಮ ಎರಡು ನಿಂಬೆಹಣ್ಣನ್ನು ಅವನ ಜೇಬಿಗೆ ಹಾಕಿದಳು.

ಮೊದಲ ದಿನ ರುದ್ರಯ್ಯನದು. ಕೆಂಡ ಹಿಡಿಯುವವರೆಗೆ ಕಾಯಲು ಅವನಿಗೆ ತಾಳ್ಮೆಯಿಲ್ಲ. ಗಳಿಗೆಗೊಮ್ಮೆ ಒಲೆಯ ಮುಚ್ಚಳ ತೆಗೆದು ಸಲಾಕಿಯಿಂದ ತಿವಿದ. ಗ್ಯಾಸೆಲ್ಲ ಗಾಳಿಗೆ ಹೋಯಿತು. ಮೊದಲ ಏರಿನಲ್ಲೇ ಬಸ್ಸು ನಿಂತಿತು. ಬಸ್ಸು ನಿಂತಿದ್ದಾಗಲೇ ನಾಗಲಿಂಗಯ್ಯ ವಾಂತಿ ಮಾಡಿಕೊಂಡ. ಆಮೇಲೆ ಎಲ್ಲರೊಡನೆ ಇಳಿದು ನೂಕಿದ. ಹೀಗೆ ನಾಲ್ಕು ಸಲ. ಶಿರಾದ ಸಾಬರೊಬ್ಬರು ಗಾಡಿಯಲ್ಲಿ ಪಕ್ಕಕ್ಕೆ ಬಂದು, "ಕ್ಯಾ ಭಾಯ್, ಎತ್ತು ಬೇಕಾ?" ಎಂದು ಕೇಳಿ ಮುಂದೆ ಹೋದರು. ರುದ್ರಯ್ಯ ಎಂಜಿನ್ನಿನ ತಾಯಿ ತಂಗಿಯರನ್ನೆಲ್ಲ ಬೈದ. ಎಂಜಿನ್ನಿಗೆ ಹೆದರಿಕೆ ಆಗಲಿಲ್ಲ.

ಮಾರನೆಯ ದಿನ ನಂದೀಶ್ವರಯ್ಯ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಂಡಕ್ಕೆ ಗಾಳಿ ಊದುವ ಬೀಸಣಿಗೆಯ ಹಿಡಿ ತಿರುಗಿಸುತ್ತಿದ್ದ. ಮುಚ್ಚಳ ಮುಟ್ಟಲಿಲ್ಲ. ಮೂವತ್ತು ವರ್ಷ ಇದ್ದಿಲ ಒಲೆಯ ಮುಂದೆ ಬೆವರಿದ್ದ ನಾಗಲಿಂಗಯ್ಯನಿಗೆ ಮೋಟಾರಿನ ವಿಷಯದಲ್ಲಿ ಮೊದಲ ಸಲ ಏನೋ ನಿಜವಾಗಿ ಅರ್ಥವಾಯಿತು: ಈ ಮನುಷ್ಯನಿಗೆ ಬೆಂಕಿ ಗೊತ್ತು. ಬಸ್ಸು ಎಲ್ಲೂ ನಿಲ್ಲದೆ ಶಿರಾ ಮುಟ್ಟಿತು. ನಾಗಲಿಂಗಯ್ಯ ದಾರಿಯುದ್ದಕ್ಕೂ ನಿದ್ದೆ ಹೊಡೆದ.

ಸಂಜೆ ಹೋಟೆಲಿನಲ್ಲಿ ಜನ ಸೇರಿತು. ನಂದೀಶ್ವರಯ್ಯ ಎಂದರೆ ಇಷ್ಟು ವರ್ಷದ ತೀರ್ಪೆಲ್ಲ ಸುಳ್ಳಾಗುತ್ತದೆ; ನಾಳೆಯಿಂದ ಅವನು ಬರೀ ಇಡ್ಲಿ ಮಾರುವವನು. ರುದ್ರಯ್ಯ ಎಂದರೆ ಮಧುಗಿರಿಗೆ ಮಧುಗಿರಿಯೇ ಬಸ್ಸು ನೂಕಬೇಕು. ನಾಗಲಿಂಗಯ್ಯ ಗಂಟಲು ಸರಿಮಾಡಿಕೊಂಡ.

"ರುದ್ರಯ್ಯನೇ. ನಿನ್ನೆ ಬಸ್ಸು ನಿಂತಿದ್ದು ಇದ್ದಿಲ ದೋಸ, ಅವನದಲ್ಲ."

ಸಂಜೀವಯ್ಯನವರು ತಲೆಯಾಡಿಸಿದರು. ಬೆಳಿಗ್ಗೆ ಕೆಲಸ ಸಿಕ್ಕಿದ್ದು ನಂದೀಶ್ವರಯ್ಯನಿಗೆ. ನಾಗಲಿಂಗಯ್ಯ ಅವಮಾನವಾಯಿತೆಂದು ಸಾಹುಕಾರರ ಮನೆಗೇ ಹೋದ. ಅವರು ಅವನನ್ನು ಜಗುಲಿಯಲ್ಲಿ ಕೂರಿಸಿ, ಎಲೆಯಡಿಕೆ ಕೊಟ್ಟು, ಮೆಲ್ಲಗೆ ಹೇಳಿದರು: "ಬೇಜಾರ್ ಮಾಡ್ಕಬೇಡಿ. ಹಿಂದೆ ಮದಲೂರು ಕೆರೆಗೆ ನನ್ ಬಸ್ ಇಳಿಸಿದ್ನಲ್ಲ, ಆ ಹಳೇ ಡ್ರೈವರ್ನೂ ನೀವೇ ಹೊಗಳಿದ್ರಿ. ಅವತ್ತಿಂದ ನೀವು ಹೇಳಿದ್ದ ಕೇಳ್ಕಂಡು ಉಲ್ಟಾ ಮಾಡ್ತಿದೀನಿ. ಒಂದ್ ಸಲಾನೂ ತಪ್ಪಿಲ್ಲ."

ತಿಳಿದೂ ತಿಳಿದೂ ಸುಳ್ಳು ಹೇಳಿ ಅವನು ಊರಿಗೆ ಉಪಕಾರ ಮಾಡಿದ್ದ. ಅದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ.

ಅದಾಗಿ ಮೂರನೆಯ ದಿನ ರುದ್ರಯ್ಯ ಟ್ರಂಕು ಹೊತ್ತು ಹೋಟೆಲಿಗೆ ಬಂದ. ಮಿಲಿಟರಿ ಲಾರಿ ಓಡಿಸಲು ಸೇರಿಕೊಂಡಿದ್ದ. "ಇಡೀ ಊರಲ್ಲಿ ನನ್ ಪರ ನಿಂತೋರು ನೀವೊಬ್ರೇ ಕಣಣ್ಣ," ಎಂದು ಬಗ್ಗಿ ಕಾಲು ಮುಟ್ಟಿದ. ಒಳಗೆ ಕರಿಬಸಮ್ಮ ಹಿಟ್ಟು ರುಬ್ಬುವುದನ್ನು ನಿಲ್ಲಿಸಿದಳು.

ನಾಗಲಿಂಗಯ್ಯ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತಲೆಯ ಮೇಲೆ ಕೈಯಿಟ್ಟು ಹರಸಿದ. ಹಾಗೇ ಕೂರಿಸಿಕೊಂಡು, ಮಿಲಿಟರಿ ಲಾರಿಗಳಲ್ಲಿ ಯಾವುದು ಉತ್ತಮ ಎಂಬುದನ್ನೂ ವಿವರವಾಗಿ ತಿಳಿಸಿಕೊಟ್ಟ.