ಬೀಗಗೀಗ

ನಮ್ಮಕ್ಕನ ಕೈಗೆ ಕೆಂಪು ಪೆನ್ನು ಸಿಕ್ಕಿದರೆ ದೇವರೇ ಗತಿ. ಅವಳು ಶಾಲೆಯಲ್ಲಿ ಕನ್ನಡ ಕಲಿಸಲು ಶುರುಮಾಡಿ ಇಪ್ಪತ್ತೆಂಟು ವರ್ಷವಾಯಿತು. ನಾನು ಬರೆದ ಸಾಮಾನಿನ ಚೀಟಿಯನ್ನೂ ತಿದ್ದಿ ಅಂಗಡಿಗೆ ಕಳಿಸಿದ್ದಾಳೆ. ಅದೇ ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು, ಪಕ್ಕದ ಮೇಜು. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಅವಳಿಗೆ ಎಲ್ಲಕ್ಕಿಂತ ಆಗದಿದ್ದದ್ದು ‘ಗೀ’. ಊಟಗೀಟ, ಪುಸ್ತಕಗಿಸ್ತಕ ಎಂದು ಮಕ್ಕಳು ಬರೆದರೆ ಸಾಕು, ಸರಕ್ಕನೆ ಒಂದು ಗೆರೆ. “ಬಾಯಲ್ಲಿ ಏನಾದ್ರೂ ಹೇಳ್ಕೊಳ್ಳಿ, ಕಾಗದದ ಮೇಲೆ ಬೇಡ” ಎನ್ನುತ್ತಿದ್ದಳು.

ಅಷ್ಟರಲ್ಲಿ ಕಂಪ್ಯೂಟರೇ ಪ್ರಬಂಧ ಬರೆದುಕೊಡುವ ಕಾಲ ಬಂತು. ಅಕ್ಕ ಅಂಥ ಹತ್ತು ಪುಟ ಓದಿ ಕನ್ನಡಕ ತೆಗೆದಿಟ್ಟಳು. “ನೋಡೋ ಇಲ್ಲಿ, ‘ಅಜ್ಜಿ ನನ್ನ ಬದುಕಿನಲ್ಲಿ ಮಹತ್ವದ ಪಾತ್ರ ವಹಿಸಿದ್ದಾರೆ’ ಅಂತೆ. ಪಾತ್ರೆ ತೊಳೆದ್ರು ಅಂದಿದ್ರೆ ನಂಬ್ತಿದ್ದೆ. ಹುಡುಕಿದ್ರೂ ತಪ್ಪು ಸಿಗಲ್ಲ, ಅಜ್ಜೀನೂ ಸಿಗಲ್ಲ.”

ಶಾಲೆಯ ಪ್ರಬಂಧ ಸ್ಪರ್ಧೆಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ತಾಯಿಯ ಬಗ್ಗೆ ಬರೆದುಕೊಟ್ಟಳು. ನಾಲ್ಕು ಪುಟದಲ್ಲಿ ಒಂದು ಕೊಂಬೂ ತಪ್ಪಿಲ್ಲ. ಇದು ಕಂಪ್ಯೂಟರಿನದೇ ಎಂದು ಹೆಡ್‌ಮಾಸ್ಟರಿಗೆ ಅನುಮಾನ. ಹೌದಾದರೆ ಹುಡುಗಿಯನ್ನು ಸ್ಪರ್ಧೆಯಿಂದ ತೆಗೆದು ಮನೆಯವರನ್ನು ಕರೆಸುವುದಾಗಿ ಹೇಳಿದರು. ತೀರ್ಮಾನ ಅಕ್ಕನಿಗೆ ಬಿಟ್ಟರು. ಅವಳಿಗೂ ಅನುಮಾನವೇ.

ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಅತ್ತು ಕಣ್ಣು ಊದಿತ್ತು. “ನಾನೇ ಬರೆದಿದ್ದು ಮಿಸ್” ಎಂದು ರಫ್ ಪುಸ್ತಕ ಮುಂದಿಟ್ಟಳು.

ಅಕ್ಕ ಜೋರಾಗಿ ಓದಿದಳು: ‘ಅಮ್ಮ ಬಸ್ ಹತ್ತಿದ ಮೇಲೂ ಫೋನ್ ಮಾಡಿ, ಬೀಗಗೀಗ ಸರಿಯಾಗಿ ಹಾಕಿದ್ಯಾ, ತಿಂಡಿಗಿಂಡಿ ತಿಂದ್ಯಾ ಎಂದು ಕೇಳುತ್ತಾಳೆ.’ ಆ ತಾಯಿಯೇ ಬಂದು ನಮ್ಮ ಮೇಜಿನ ಪಕ್ಕ ನಿಂತ ಹಾಗಾಯಿತು. ಆದರೆ ಆ ಸಾಲಿನ ಮೇಲೆ ಸ್ಕೇಲಿಟ್ಟು ಎಳೆದ ಗೆರೆಯಿತ್ತು. ಸ್ಪರ್ಧೆಗೆ ಕೊಟ್ಟ ಪ್ರತಿಯಲ್ಲಿ ಇದ್ದದ್ದು: ‘ತಾಯಿ ನನ್ನ ಬಗ್ಗೆ ಸದಾ ಕಾಳಜಿ ವಹಿಸುತ್ತಾರೆ.’

“ಯಾಕಮ್ಮ ಹೊಡೆದುಹಾಕಿದೆ?”

“ನೀವು ಹೇಗೂ ಹೊಡೀತೀರಲ್ಲ ಮಿಸ್. ಅದಕ್ಕೆ ನಾನೇ ಮೊದಲು...”

ಅಕ್ಕನ ಮುಖ ಪೆಚ್ಚಾಯಿತು. ನನಗೂ ಪಾಪ ಅನ್ನಿಸಿತು, ಯಾರ ಬಗ್ಗೆ ಎಂದು ಮಾತ್ರ ಗೊತ್ತಾಗಲಿಲ್ಲ. ಅಕ್ಕ ಸೀದಾ ಹೆಡ್‌ಮಾಸ್ಟರ ಕೋಣೆಗೆ ಹೋದಳು. “ಹುಡುಗಿದೇನೂ ತಪ್ಪಿಲ್ಲ ಸಾರ್. ಕಂಪ್ಯೂಟರ್ ಥರ ಬರೆಯೋಕೆ ಕಲಿಸಿದ್ದು ನಾನು” ಎಂದದ್ದು ಹೊರಗಿದ್ದ ನನಗೂ ಕೇಳಿಸಿತು.

ಸ್ಪರ್ಧೆಗೆ ಹೋದದ್ದು ರಫ್ ಪುಸ್ತಕದ ಬರಹವೇ. ಹುಡುಗಿ ಅದನ್ನು ಹೊಸದಾಗಿ ಬರೆಯಲು ಕೂತಾಗ, ಹೊಡೆದುಹಾಕಿದ್ದ ‘ಬೀಗಗೀಗ’ವನ್ನು ಅಕ್ಕ ಆ ಗೆರೆಯ ಮೇಲ್ಗಡೆ ದುಂಡಗೆ ಬರೆದುಕೊಟ್ಟಳು, ಅದೂ ಕೆಂಪು ಪೆನ್ನಿನಲ್ಲೇ. ಆಮೇಲೆ ನನ್ನ ಕಡೆ ತಿರುಗಿ ನಿರಾಳವಾಗಿ ನಕ್ಕಳು.

“ಬಾರೋ, ಕಾಫಿಗೀಫಿ ಕುಡಿಯೋಣ.”